ಹುತ್ತ ಅಗೆದ ಮೇಷ್ಟ್ರು

ಟೆರಿಯರ್ ಎಂದರೆ ಕಂಕುಳಲ್ಲಿ ಇರುಕಿಕೊಂಡು ಓಡಾಡುವಂಥ ನಾಯಿ ಎಂದು ನಾನು ತಿಳಿದಿದ್ದೆ. ನಮ್ಮ ಮನೆಗೆ ನಾಯಿ ಬಂದದ್ದು ಈ ತಿಳಿವಳಿಕೆಯ ಮೇಲೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ತಿರುಗಿಸಿ ಮುರುಗಿಸಿ ನೋಡದೆ ಒಂದು ಬದನೆಕಾಯನ್ನೂ ಚೀಲಕ್ಕೆ ಹಾಕಿಕೊಳ್ಳುವವಳಲ್ಲ. ಆದರೂ ಅವತ್ತು ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಫೋನನ್ನು ನನ್ನ ಮೂಗಿನ ಮುಂದೆ ಹಿಡಿದು, ಬೂದಿಗೆರೆ ಕಡೆ ವಿಲ್ಲಾದಲ್ಲಿರುವ ತಮ್ಮ ನೆಂಟರು ಏರ್‌ಡೇಲ್ ಟೆರಿಯರ್ ಅನ್ನುವ ಜಾತಿಯ ನಾಯಿಯನ್ನು ಕಾಂಪೌಂಡ್ ಇರುವ ಮನೆಗೆ ಸುಮ್ಮನೆ ಕೊಡುತ್ತಾರಂತೆ ಎಂದಾಗ, ಫೋಟೋ ನೋಡಿ ಹೂಂ ಎಂದುಬಿಟ್ಟೆ. ಫೋಟೋದಲ್ಲಿ ಮುಖವೊಂದೇ ಇತ್ತು. ಮಡಿಸಿದ ಕಿವಿ, ಕಂದು ಗಡ್ಡ, ಯಾವುದಕ್ಕೂ ಸ್ವಲ್ಪ ಯೋಚಿಸಿ ಹೇಳುತ್ತೇನೆ ಅನ್ನುವಂಥ ಕಣ್ಣು. ನಾನು ಶಾಲೆಗೆ ಹೋದ ಮೇಲೆ ಅಮ್ಮನಿಗೆ ಮಾತಾಡಲು ಯಾರೂ ಇರುವುದಿಲ್ಲ, ಜೊತೆಗೊಂದು ಪುಟ್ಟ ಪ್ರಾಣಿ ಇರಲಿ ಎಂದುಕೊಂಡೆ. ಭಾನುವಾರ ಕರೆತರಲು ಹೊರಟಾಗ ತರಕಾರಿ ಬುಟ್ಟಿಗೆ ಹಳೆಯ ಟವೆಲು ಹಾಸಿಕೊಂಡು ಹೋಗಿದ್ದೆ.

ಆ ಬುಟ್ಟಿಯಲ್ಲಿ ಅವನ ತಲೆ ಹಿಡಿಸುತ್ತಿತ್ತೋ ಏನೋ. ವಿಲ್ಲಾದ ಬಾಗಿಲು ತೆರೆದ ಕೂಡಲೇ ಎಮ್ಮೆಕರುವಿನಂಥ ಪ್ರಾಣಿಯೊಂದು ಬಂದು ಮುಂಗಾಲೆರಡನ್ನೂ ನನ್ನ ಹೆಗಲ ಮೇಲಿಟ್ಟು ಕನ್ನಡಕದೊಳಕ್ಕೆ ಇಣುಕಿ ನೋಡಿತು. ಬೆನ್ನೆಲ್ಲ ಕಪ್ಪು, ತಲೆ ಮತ್ತು ಕಾಲು ಕಂದು, ಮೈತುಂಬ ತೆಂಗಿನ ನಾರಿನಂಥ ಗಡುಸು ಕೂದಲು. ಟೆರಿಯರ್‌ಗಳಲ್ಲೆಲ್ಲ ಇದೇ ದೊಡ್ಡ ಪೈಕಿಯದು ಎಂದು ಮನೆಯೊಡತಿ ಹೆಮ್ಮೆಯಿಂದ ಹೇಳಿದರು. "ತುಂಬಾ ಇಂಟೆಲಿಜೆಂಟ್ ಮೇಡಂ," ಎಂದು ಯಜಮಾನರು ಸೇರಿಸಿದರು. ಹೇಳುವಾಗ ಅವರ ಕಣ್ಣಲ್ಲಿ ನೀರೂ ಇತ್ತು, ಮುಖದಲ್ಲಿ ನಿರಾಳವೂ ಇತ್ತು. ಮನೆಯ ಹಿಂದಿನ ಹುಲ್ಲುಹಾಸು ನೋಡಿದ ಮೇಲೆ ಎರಡಕ್ಕೂ ಕಾರಣ ತಿಳಿಯಿತು. ಬೋರ್‌ವೆಲ್ ಕೊರೆಯುವವರು ಬಂದು, ಪ್ರತಿ ಸಲವೂ ಮನಸ್ಸು ಬದಲಾಯಿಸಿ ಪಕ್ಕಕ್ಕೆ ಹೋದ ಜಾಗದ ಹಾಗಿತ್ತು ಅದು. ಲೇಔಟಿನ ಸಂಘದವರು ಸಭೆ ಸೇರಿ ನಾಯಿ ಇರಬೇಕು ಇಲ್ಲವೇ ಹುಲ್ಲು ಇರಬೇಕು ಎಂದು ತೀರ್ಮಾನಿಸಿದ್ದರಂತೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದವರು ನಮ್ಮ ಪಕ್ಕದ ಮನೆಯವರು. ದೊಡ್ಡಬಳ್ಳಾಪುರದ ಮಗ್ಗಗಳಿಂದ ಸೀರೆ ಕಟ್ಟುಗಳನ್ನು ಗೂಡ್ಸ್ ಆಟೋದಲ್ಲಿ ಸಾಗಿಸುವುದು ಅವರ ಕೆಲಸ. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಲಾರಿಯವರೊಂದಿಗೆ ತೆಲುಗು. ನಾನು ಅವರನ್ನು ಭಾಯ್ ಎನ್ನುತ್ತೇನೆ. ನಾಯಿಯನ್ನು ಕಂಡ ಭಾಯ್ ನನ್ನ ಬುಟ್ಟಿಯನ್ನೂ ಒಮ್ಮೆ ನೋಡಿದರು.

"ಮೇಡಂ, ಬುಟ್ಟಿ ನಾನು ಮುಂದೆ ಇಟ್ಕೋತೀನಿ. ನೀವು ಇವ್ರ ಜೊತೆ ಹಿಂದೆ ಕೂತ್ಕೊಳ್ಳಿ," ಎಂದರು.

ಮನೆಯ ಗೇಟಿನ ಬಳಿ ಕಾಯುತ್ತಿದ್ದ ಅಮ್ಮ, ಗಾಡಿಯಿಂದ ಗಂಭೀರವಾಗಿ ಇಳಿದ ಗಡ್ಡಧಾರಿಯನ್ನು ಕಂಡು ಸೆರಗು ಹೊದ್ದುಕೊಂಡಳು.

"ಇದೇನೇ, ನಾಯಿ ತರ್ತೀನಿ ಅಂತ ಹೋಗಿ ಯಾರನ್ನೋ ಕರ್ಕೊಂಡು ಬಂದಿದೀಯಲ್ಲ! ಒಳ್ಳೆ ಹಳೇ ಕಾಲದ ಮೇಷ್ಟ್ರು ಇದ್ದಂಗವ್ರೆ."

ಅಂದಿನಿಂದ ಅವನು ಮೇಷ್ಟ್ರಾದ. ಮನೆಯಲ್ಲಿ ಇಪ್ಪತ್ತು ವರ್ಷದ ಮೇಲೆ ಸರ್ವೀಸ್ ಆದ ನಿಜವಾದ ಮೇಷ್ಟ್ರು ನಾನಿರುವಾಗ, ಅಮ್ಮ ಬಹುವಚನ ಕೊಟ್ಟದ್ದು ನಾಯಿಗೆ. "ಮೇಷ್ಟ್ರು ಊಟ ಮಾಡಿದ್ರಾ?" "ಮೇಷ್ಟ್ರಿಗೆ ಸೆಕೆ ಆಗ್ತದಂತೆ, ಫ್ಯಾನ್ ಹಾಕೇ." ನನ್ನನ್ನು ಮಾತ್ರ ಎಂದಿನಂತೆ ಲೇ, ಬಾರೇ, ಹೋಗೇ.

ಇಂಟೆಲಿಜೆಂಟ್ ಎಂಬ ಮಾತಿನ ಅರ್ಥ ಒಂದು ವಾರದಲ್ಲಿ ಆಯಿತು. ಬೇರೆ ನಾಯಿಗಳನ್ನು ಕರೆದರೆ ಬರುತ್ತವೆ, ಇಲ್ಲವೆ ಕೇಳಿಸದೆ ಹೋಗುತ್ತವೆ. ಇವನು ಕೇಳಿಸಿಕೊಳ್ಳುತ್ತಿದ್ದ. ತಲೆ ಓರೆ ಮಾಡಿ, ಕರೆಯುವುದಕ್ಕೆ ನನಗಿರುವ ಕಾರಣವೇನು, ಬರುವುದರಿಂದ ತನಗಾಗುವ ಪ್ರಯೋಜನವೇನು ಎಂದು ತೂಗಿ, ಬಹಳ ಸಲ ಬಾರದಿರುವುದೇ ಸರಿ ಎಂಬ ನಿರ್ಧಾರಕ್ಕೆ ಬರುತ್ತಿದ್ದ. ಗದರಿದರೆ ಬೆನ್ನು ತಿರುಗಿಸಿ ಕೂರುತ್ತಿದ್ದ. ಒಂದೇ ವಿಷಯವನ್ನು ಎರಡು ಸಲ ಹೇಳಿಕೊಟ್ಟರೆ ಬೇಸರದಿಂದ ಆಕಳಿಸುತ್ತಿದ್ದ, ನನ್ನ ಒಂಬತ್ತನೇ ತರಗತಿಯ ಕೊನೆಯ ಬೆಂಚಿನವರು ಮಾಡುವ ಹಾಗೆ. ಬೆಳಿಗ್ಗೆ ಒಂದು ದೊಡ್ಡ ಸುತ್ತು, ಸಂಜೆ ಒಂದು ದೊಡ್ಡ ಸುತ್ತು ಓಡಾಡಿಸದಿದ್ದರೆ ತನ್ನ ವ್ಯಾಯಾಮವನ್ನು ತಾನೇ ಏರ್ಪಾಟು ಮಾಡಿಕೊಳ್ಳುತ್ತಿದ್ದ. ನನ್ನ ಕರಿಬೇವಿನ ಗಿಡ ಹೋದದ್ದು ಹಾಗೆ. ದಾಸವಾಳ ಹೋದದ್ದೂ ಹಾಗೆ. ನೆಲದೊಳಗಿನ ಇಲಿ ಹೆಗ್ಗಣಗಳನ್ನು ಹಿಡಿಯುವ ಕೆಲಸದಲ್ಲಿ ತಲೆತಲಾಂತರದಿಂದ ಪಳಗಿದ ಜಾತಿ ಅದು, ಅಗೆಯಬೇಡ ಎನ್ನುವುದು ಉಸಿರಾಡಬೇಡ ಎಂದಂತೆ ಎಂದು ಫೋನಿನಲ್ಲಿ ಓದಿದೆ. ಓದಿದ ಮೇಲೂ ನನ್ನ ಕೋಪ ಕಡಿಮೆಯಾಗಲಿಲ್ಲ.

ಗಡ್ಡದ್ದು ಇನ್ನೊಂದು ಕಥೆ. ನೀರು ಕುಡಿದರೆ ಅರ್ಧ ಹೊಟ್ಟೆಗೆ, ಅರ್ಧ ಗಡ್ಡಕ್ಕೆ. ಆ ಗಡ್ಡವನ್ನು ಒರೆಸಿಕೊಳ್ಳಲು ಅವನು ಹುಡುಕುತ್ತಿದ್ದದ್ದು ಭಾಯ್ ಅವರ ಅಂಗಿಯನ್ನು. ನಾಯಿಯ ಎಂಜಲು ತಾಗಿದ ಬಟ್ಟೆಯಲ್ಲಿ ನಮಾಜ್ ಮಾಡುವಂತಿಲ್ಲವಾದ್ದರಿಂದ ಅವರು ಆದಷ್ಟು ದೂರ ನಿಲ್ಲುತ್ತಿದ್ದರು. ಅವರು ದೂರ ಸರಿದಷ್ಟೂ ಇವನಿಗೆ ಅವರ ಮೇಲೆ ಪ್ರೀತಿ ಹೆಚ್ಚುತ್ತಿತ್ತು. ಕೊನೆಗೆ ಅವರು ಗಾಡಿಯಲ್ಲಿ ಒಂದು ಜೊತೆ ಬಟ್ಟೆ ಬೇರೆಯಾಗಿ ಇಟ್ಟುಕೊಂಡರು. ಮುದ್ದೆ ಸಾರು ತಿಂದ ದಿನವಂತೂ ಗಡ್ಡ ಗಟ್ಟಿಯಾಗಿ, ಅಮ್ಮ ಬೆಚ್ಚಗಿನ ನೀರು ಬಟ್ಟಲಲ್ಲಿಟ್ಟುಕೊಂಡು, "ಮೇಷ್ಟ್ರೇ, ಮುಖ ಎತ್ತಿ," ಎಂದು ಬಿಡಿಸುತ್ತ ಕೂರುತ್ತಿದ್ದಳು. ಅವಳಿಗೆ ಅವನು ಮುಖ ಎತ್ತುತ್ತಿದ್ದ.

ಕೂದಲಿನ ಆರೈಕೆ ನನ್ನ ಪಾಲಿಗೆ ಬಂತು. ಈ ಜಾತಿಗೆ ಕತ್ತರಿ ಹಾಕಬಾರದು, ಮೆಷಿನ್ ಹಾಕಬಾರದು. ಹಾಕಿದರೆ ಗಡುಸು ಕೂದಲು ಹತ್ತಿಯಂತಾಗಿ ಕಪ್ಪು ಬಣ್ಣ ಮಾಸಿಹೋಗುತ್ತದೆ. ಬಲಿತು ಸತ್ತ ಕೂದಲನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಬೇರಿನಿಂದ ಕೀಳಬೇಕು. ಜಾರದಿರಲು ಬೆರಳಿಗೆ ಸುಣ್ಣದ ಪುಡಿ ಬೇಕು. ಸುಣ್ಣಕ್ಕೆ ನನ್ನಲ್ಲಿ ಬರವೇ? ಬೋರ್ಡಿನ ಕೆಳಗೆ ಬಿದ್ದ ಸೀಮೆಸುಣ್ಣದ ಚೂರುಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದು ರಜಾ ದಿನಗಳಲ್ಲಿ ಜಗಲಿಯ ಮೇಲೆ ಕೂತು ಕೀಳುತ್ತಿದ್ದೆ. ನೋವಾಗದಂತೆ ಕೀಳುವುದು ಅಭ್ಯಾಸವಾದ ಮೇಲೆ ಅವನು ನಿದ್ದೆಯನ್ನೇ ಮಾಡಿಬಿಡುತ್ತಿದ್ದ. ನೋಡುವವರಿಗೆ ಅದು ಹೇಗೆ ಕಾಣಬೇಕು? ಗಣಿತದ ಟೀಚರು ಬಿಸಿಲಲ್ಲಿ ಕೂತು ಜೀವಂತ ನಾಯಿಯನ್ನು ಕೋಳಿಯ ಪುಕ್ಕ ಕೀಳುವಂತೆ ತರಿಯುತ್ತಿದ್ದಾಳೆ. ನನ್ನ ವಿದ್ಯಾರ್ಥಿಗಳ ತಂದೆ ತಾಯಂದಿರು ಆ ಬೀದಿಯಲ್ಲಿ ಹೋಗುವಾಗ ನಡಿಗೆ ಚುರುಕು ಮಾಡುತ್ತಿದ್ದರು. ಆ ವರ್ಷ ಹೋಂವರ್ಕ್ ಮಾತ್ರ ಎಲ್ಲರದ್ದೂ ಸಮಯಕ್ಕೆ ಸರಿಯಾಗಿ ಬರುತ್ತಿತ್ತು.

ಈಗ ಹುತ್ತದ ವಿಷಯ ಹೇಳಬೇಕು. ನಮ್ಮ ಬೀದಿಯ ತುದಿಯಲ್ಲಿ ಬೇವಿನ ಮರದ ಕೆಳಗೆ ಆಳೆತ್ತರದ ಹುತ್ತವಿದೆ, ಪಕ್ಕದಲ್ಲಿ ಒಂದು ನಾಗರಕಲ್ಲು. ಹೊಲಗಳನ್ನು ಸೈಟು ಮಾಡುವಾಗ ಜೆಸಿಬಿಯವನು ಅದನ್ನು ಮುಟ್ಟಲು ಒಪ್ಪದೆ, ರಸ್ತೆಯೇ ಅಲ್ಲಿ ಸೊಂಟ ಬಳುಕಿಸಿ ಮುಂದೆ ಹೋಗಿದೆ. ಅಮ್ಮ ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ, ಆಡುವವರ ಬಾಯಿಗೆ ಹೆದರಿ ಮದುವೆ ಮುಂಜಿಗೂ ಹೋಗದೆ ಇದ್ದಳಂತೆ. ಆಗ ಯಾರೋ ಹೇಳಿ ಪ್ರತಿ ಮಂಗಳವಾರ ಆ ಹುತ್ತಕ್ಕೆ ತನಿ ಎರೆಯಲು ಶುರುಮಾಡಿದಳು. ಒಂದು ಚೊಂಬು ಹಾಲು, ಒಂದು ಮೊಟ್ಟೆ, ಎರಡು ಬಾಳೆಹಣ್ಣು. ಆಮೇಲೆ ನಾನು ಹುಟ್ಟಿದೆ. ನಾನು ಹುಟ್ಟಿದ ಸಂತೋಷಕ್ಕೆ ಅಪ್ಪ ಮಾಡಿಸಿಕೊಟ್ಟ ಬೆಳ್ಳಿಯ ನಾಗರಹೆಡೆಯೊಂದನ್ನು ಅಮ್ಮ ಹುತ್ತದ ಬಾಯಿಗೆ ಹಾಕಿ ಬಂದಳು. ಅದು ಒಳಗೆ ಜಾರಿದ ಸದ್ದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ. "ನೀನು ನಾಗಪ್ಪ ಕೊಟ್ಟೋಳು" ಎನ್ನುವುದು ನಮ್ಮ ಮನೆಯ ಮಾತು. ಶಾಲೆಯಲ್ಲಿ ಮಾರ್ಕ್ಸ್ ಬಂದರೂ ನಾಗಪ್ಪ, ಕೆಲಸ ಸಿಕ್ಕಿದರೂ ನಾಗಪ್ಪ. ನನ್ನ ಮದುವೆಗೆಂದೂ ಬಹಳ ಹಾಲು ಎರೆದಳು. ಅದೊಂದು ವಿಷಯದಲ್ಲಿ ನಾಗಪ್ಪ ನನ್ನ ಮಾತು ಕೇಳಿದ.

ನನಗೆ ಇದರಲ್ಲಿ ನಂಬಿಕೆಯಿಲ್ಲ. ಹಾವು ಹಾಲು ಕುಡಿಯುವುದಿಲ್ಲ ಎಂದು ವಿಜ್ಞಾನದ ಟೀಚರು ರಜೆ ಹಾಕಿದಾಗ ಮಕ್ಕಳಿಗೆ ಪಾಠ ಮಾಡಿದವಳು ನಾನೇ. ಅಮ್ಮನ ಹತ್ತಿರವೂ ಹೇಳಿ ಹೇಳಿ ಸಾಕಾಗಿತ್ತು. ಅವಳು ಚೊಂಬು ಹಿಡಿದು ಹೊರಡುತ್ತಿದ್ದಳು, ನಾನು ಗೊಣಗುತ್ತ ಶಾಲೆಗೆ ಹೊರಡುತ್ತಿದ್ದೆ, ಮಂಗಳವಾರ ಹಾಗೆಯೇ ಸಾಗುತ್ತಿತ್ತು.

ದಸರಾ ರಜೆಯ ಒಂದು ಮಂಗಳವಾರ ಮೇಷ್ಟ್ರನ್ನು ಓಡಾಡಿಸಿಕೊಂಡು ಬರುತ್ತ ಹುತ್ತದ ಹತ್ತಿರ ಅಮ್ಮನನ್ನು ಕಂಡೆ. ಅವಳು ತನಿ ಎರೆದು ಪ್ರದಕ್ಷಿಣೆ ಹಾಕುತ್ತಿದ್ದಳು. ಎದುರು ಮನೆಯ ಅಜ್ಜಿಯೂ ಜೊತೆಗಿದ್ದರು. ಈ ಅಜ್ಜಿ ಬೀದಿಗೆ ಹಿರಿಯರು, ಕಣ್ಣು ಅಷ್ಟಕ್ಕಷ್ಟೆ, ಬಾಯಿ ಚೆನ್ನಾಗಿದೆ. ಮೇಷ್ಟ್ರು ಇದ್ದಕ್ಕಿದ್ದಂತೆ ನಿಂತ. ಮೂಗು ನೆಲಕ್ಕೆ ತಾಗಿಸಿದ. ನಾನು ಬೇಡ ಎಂದೆ. ಆ ಸಲ ಅವನು ತೂಗಿ ನೋಡಲೂ ಇಲ್ಲ. ಹಗ್ಗ ನನ್ನ ಕೈಯಿಂದ ಹೋಯಿತು, ಅವನು ಅರಿಶಿನ ಕುಂಕುಮದ ಮೇಲೆಯೇ ಮುಂಗಾಲಿಟ್ಟು ಅಗೆಯತೊಡಗಿದ. ಜೆಸಿಬಿಯವನು ಮಾಡಲು ಹೆದರಿದ್ದನ್ನು ಅವನು ನಾವು "ಅಯ್ಯೋ" ಎನ್ನುವಷ್ಟರಲ್ಲಿ ಮಾಡಿಬಿಟ್ಟಿದ್ದ. ಕೆಂಪು ಮಣ್ಣು ಹಿಂಗಾಲುಗಳ ನಡುವಿನಿಂದ ಚಿಮ್ಮಿ ಅಜ್ಜಿಯ ಮಡಿಸೀರೆಗೆ ರಪರಪ ಬಡಿಯಿತು. ನಾನು ಅವನ ಬಾಲ ಹಿಡಿದು ಎಳೆಯುತ್ತಿದ್ದೆ, ಅಜ್ಜಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದರು. ಅಮ್ಮ ಖಾಲಿ ಚೊಂಬು ಹಿಡಿದು ಸುಮ್ಮನೆ ನಿಂತಿದ್ದಳು.

ಮೇಷ್ಟ್ರು ಸೊಂಟದವರೆಗೆ ಒಳಗೆ ಹೋಗಿ, ಹಿಮ್ಮುಖವಾಗಿ ಹೊರಬಂದ. ಬಾಯಲ್ಲಿ ಒಂದು ಹೆಗ್ಗಣ. ಸಾಧಾರಣ ಹೆಗ್ಗಣವಲ್ಲ, ಹಬ್ಬದೂಟ ಉಂಡು ಉಂಡು ಬೆಳೆದದ್ದು. ಅದನ್ನು ಒಂದೇ ಸಲ ಕೊಡವಿದ, ಅದರ ಕಥೆ ಮುಗಿಯಿತು. ಹಿಂದೆಯೇ ಇನ್ನೊಂದು ಹೊರಬಂದು ಚರಂಡಿಗೆ ಹಾರಿತು. ಅದರ ಹಿಂದೆ ಮರಿಗಳು. ಒಡೆದ ಹುತ್ತದೊಳಗೆ ಮೊಟ್ಟೆಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಕೊಬ್ಬರಿ ಹೋಳು, ಚಿಗಳಿ ಉಂಡೆಯ ಚೂರು, ಹಳದಿ ಬಟ್ಟೆಗಳನ್ನು ಸೇರಿಸಿ ಮಾಡಿದ ಮೆತ್ತನೆಯ ಹಾಸಿಗೆ. ಇಡೀ ಬೀದಿಯ ಭಕ್ತಿಯಲ್ಲಿ ಒಂದು ಹೆಗ್ಗಣ ಸಂಸಾರ ತಲೆಮಾರುಗಟ್ಟಲೆ ಸುಖವಾಗಿತ್ತು. ಆ ಹಾಸಿಗೆಯ ನಡುವಿನಿಂದ ಮಣ್ಣು ಮೆತ್ತಿದ ಚಿಕ್ಕದೊಂದು ವಸ್ತು ಉರುಳಿ ಅಮ್ಮನ ಪಾದದ ಹತ್ತಿರ ನಿಂತಿತು. ಅಮ್ಮ ಬಗ್ಗಿ ಎತ್ತಿಕೊಂಡು, ಬೆರಳಿಂದ ಉಜ್ಜಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅದು ಬೆಳ್ಳಿಯ ಹೆಡೆ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಸರಿಯೆಂದು ಕಣ್ಣೆದುರಿಗೇ ಸಾಬೀತಾಗಿತ್ತು. ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಸಂಜೆ ನಮ್ಮ ಗೇಟಿನ ಮುಂದೆ ಬೀದಿಯವರು ಸೇರಿದರು. ನಾನು ಶಾಲೆಯಲ್ಲಿ ಎಷ್ಟೋ ಪೋಷಕರ ಸಭೆ ಮಾಡಿದ್ದೇನೆ. ಅಷ್ಟು ತಯಾರಾಗಿ ಬಂದ ಪೋಷಕರನ್ನು ಕಂಡಿರಲಿಲ್ಲ.

"ದೋಷ ನಾಯಿಗೋ, ನಾಯಿ ಸಾಕಿದೋರಿಗೋ?" ಎಂದು ಮೂಲೆಮನೆಯ ಮಗ್ಗದ ಯಜಮಾನರು ಮೊದಲ ಪ್ರಶ್ನೆ ಹಾಕಿದರು.

"ಬೀದಿಗೇ ಕಣಪ್ಪಾ," ಎಂದರು ಅಜ್ಜಿ. "ನಾಗಪ್ಪನ ಮನೆ ಒಡೆದದ್ದು ಒಂದು. ಆ ಹೆಗ್ಗಣ ಯಾರದು? ಗಣಪಂದು. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಬೆಳಿಗ್ಗೇಲಿ ಎದುರು ಹಾಕ್ಕೊಂಡವ್ನೆ ನಿಮ್ಮ ಮೇಷ್ಟ್ರು!"

"ಅಜ್ಜಿ, ಗಣಪನ ವಾಹನ ಇಲಿ. ಹೆಗ್ಗಣ ಅಲ್ಲ," ಎಂದೆ.

"ಗಣಪನ ಹೊಟ್ಟೆ ನೋಡಿದೀಯೇನೇ? ಇಲಿ ಹೊರ್ತದಾ ಅವನ್ನ? ಹೆಗ್ಗಣನೇ ಅದು."

ಎಲ್ಲರೂ ಒಂದು ಗಳಿಗೆ ಯೋಚಿಸಿ ಹೌದೆನ್ನುವಂತೆ ತಲೆಯಾಡಿಸಿದರು. ಗಣಿತದವಳಾದ ನನಗೂ ಭಾರದ ಲೆಕ್ಕದಲ್ಲಿ ಅದು ಸರಿ ಎನಿಸಿ ಬಾಯಿ ಕಟ್ಟಿತು. ಹುತ್ತದಲ್ಲಿ ಇದ್ದದ್ದು ಹೆಗ್ಗಣವಾದರೆ ನಾಗಪ್ಪನ ಮನೆ ಒಡೆದಂತಾಗುವುದು ಹೇಗೆ ಎಂದು ಭಾಯ್ ಮೆಲ್ಲಗೆ ಕೇಳಿದರು. ನಾಗಪ್ಪ ಬಾಡಿಗೆಗೆ ಕೊಟ್ಟಿರಬಹುದು, ಮನೆ ಮಾತ್ರ ಅವನದೇ ಎಂದು ಮಗ್ಗದ ಯಜಮಾನರು ಉತ್ತರಿಸಿದರು. ಕೊನೆಗೆ ಎಲ್ಲರ ಮಾತು ಒಂದೇ ಕಡೆ ನಿಂತಿತು: ನಾಯಿಯನ್ನು ಬೀದಿಯಿಂದ ಕಳಿಸಬೇಕು.

ಅಲ್ಲಿಯವರೆಗೆ ಸುಮ್ಮನಿದ್ದ ಅಮ್ಮ ಎದ್ದು ನಿಂತಳು. ಮೇಷ್ಟ್ರು ಅವಳ ಪಾದದ ಮೇಲೆ ಗಡ್ಡ ಊರಿಕೊಂಡು ಮಲಗಿದ್ದ, ಮೂಗಿನ ಮೇಲೆ ಇನ್ನೂ ಕುಂಕುಮವಿತ್ತು.

"ಇವ್ರು ಮುಡಿ ಕೊಡ್ತಾರೆ," ಎಂದಳು. "ಘಾಟಿ ಸುಬ್ರಹ್ಮಣ್ಯಕ್ಕೆ ಕರ್ಕೊಂಡೋಗಿ ಮುಡಿ ಕೊಡಿಸ್ತೀನಿ. ಹರಕೆ ಹೊತ್ತಾಯ್ತು. ಇನ್ನೇನೂ ಮಾತಾಡ್ಬೇಡಿ."

ಹರಕೆ ಹೊತ್ತ ಮೇಲೆ ಯಾರು ಏನು ಹೇಳಲು ಬರುತ್ತದೆ? ಬೀದಿ ಕರಗಿತು. ಸಿಟ್ಟು ಬಂದದ್ದು ನನಗೆ. ಒಂದು ಇಡೀ ವರ್ಷ ಒಂದೊಂದೇ ಕೂದಲು ಕಿತ್ತು ಸೀಮೆಸುಣ್ಣ ಸವೆಸಿದ್ದೆ. ಆ ಕಪ್ಪು ಬೆನ್ನು ನನ್ನ ಕೈಕೆಲಸ.

"ಕತ್ತರಿ ಹಾಕಿದ್ರೆ ಹಾಳಾಗೋಗತ್ತಮ್ಮ! ಮತ್ತೆ ಮೊದಲಿನ ಥರ ಬರಲ್ಲ!"

"ಕೂದ್ಲು ಹೋದ್ರೆ ಹೋಗ್ಲಿ. ಮೇಷ್ಟ್ರು ಹೋಗ್ಬಾರ್ದು."

ಭಾನುವಾರ ಭಾಯ್ ಗೂಡ್ಸ್ ಆಟೋಗೆ ಟಾರ್ಪಾಲ್ ಹಾಸಿದರು. ಘಾಟಿಯಲ್ಲಿ ಅಮ್ಮ ದೇವಸ್ಥಾನದ ಒಳಗೆ ಹೋಗಿ ಕೈಮುಗಿದು ಬಂದಳು, ನಾವು ಮೂವರು ದೂರದಲ್ಲಿ ಮರದ ನೆರಳಲ್ಲಿ ನಿಂತಿದ್ದೆವು. ಮುಡಿ ತೆಗೆಯುವವರೊಬ್ಬರ ಹತ್ತಿರ ಹೋಗಿ ಅಮ್ಮ ವಿಷಯ ಹೇಳಿದಳು. ಅವರು ಕತ್ತಿ ಕೆಳಗಿಟ್ಟು ಎದ್ದು ಬಂದು, ಹರಕೆ ಹೊತ್ತವರನ್ನು ಒಮ್ಮೆ ಸುತ್ತು ಹಾಕಿ ನೋಡಿದರು.

"ಅಮ್ಮಾ, ಕೂದ್ಲೇನೋ ಚೆನ್ನಾಗದೆ. ಆದ್ರೆ ಈ ಕತ್ತಿ ಇವ್ರಿಗಿಟ್ರೆ ನಾಳೆ ಮನುಷ್ಯರು ತಲೆ ಕೊಡ್ತಾರಾ ನಂಗೆ?" ಎಂದು ಕೈಮುಗಿದರು. ನ್ಯಾಯವಾದ ಮಾತು.

ವಾಪಸು ಬರುವ ದಾರಿಯಲ್ಲಿ, ರಸ್ತೆ ಪಕ್ಕದ ಬಯಲಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದುದನ್ನು ಅಮ್ಮ ಕಂಡಳು. "ಭಾಯ್, ನಿಲ್ಸಪ್ಪಾ," ಎಂದಳು. ಕತ್ತರಿ ಹಿಡಿದಿದ್ದವನು ಮೇಷ್ಟ್ರನ್ನು ನೋಡಿ ಆಶ್ಚರ್ಯವನ್ನೇನೂ ಪಡಲಿಲ್ಲ. ಸೀಮೆಕುರಿಯೇ ಎಂದು ಕೇಳಿದ. ನಾಯಿ ಎಂದೆ. "ಇರ್ಲಿ ಬಿಡಕ್ಕಾ," ಎಂದು ನನ್ನನ್ನು ಸಮಾಧಾನ ಮಾಡಿದ. ನಾಲ್ಕೂ ಕಾಲು ಸೇರಿಸಿ ಮೆತ್ತಗೆ ಹಿಡಿದು ಅವನನ್ನು ಪಕ್ಕಕ್ಕೆ ಮಲಗಿಸಿಕೊಂಡ. ಜನ್ಮದಲ್ಲಿ ಯಾರ ಮಾತನ್ನೂ ಒಂದೇ ಸಲಕ್ಕೆ ಕೇಳದ ಮೇಷ್ಟ್ರು, ಸುತ್ತ ನೂರು ಕುರಿ ನೋಡುತ್ತಿರುವಾಗ ತಾನೊಬ್ಬನೇ ಗಲಾಟೆ ಮಾಡುವುದು ಮರ್ಯಾದೆಯಲ್ಲ ಎಂದುಕೊಂಡನೋ ಏನೋ, ಅಲುಗಾಡದೆ ಮಲಗಿದ. ಕತ್ತರಿ ಕಚಕಚ ಎನ್ನುತ್ತ ಹೋಯಿತು. ನನ್ನ ಒಂದು ವರ್ಷ ಹುಲ್ಲಿನ ಮೇಲೆ ಗುಡ್ಡೆಯಾಗಿ ಬಿತ್ತು. ಅಮ್ಮ ಅದನ್ನೆಲ್ಲ ಬಳಿದು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಕೊಂಡಳು. ಗಡ್ಡಕ್ಕೆ ಮಾತ್ರ ಕತ್ತರಿ ಹಾಕಲು ಅವಳು ಬಿಡಲಿಲ್ಲ. "ಅದಿಲ್ದಿದ್ರೆ ಮೇಷ್ಟ್ರು ಅನ್ನಕ್ಕಾಗಲ್ಲ," ಎಂದಳು.

ಎದ್ದು ನಿಂತ ಪ್ರಾಣಿಯನ್ನು ಕಂಡು ನನಗೆ ಅಳು ನಗು ಎರಡೂ ಬಂದವು. ಬೂದಿ ಬಣ್ಣದ ಮೈ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಯ ಗುರುತು, ಸಣ್ಣ ಕಾಲು, ಮೇಲೊಂದು ದೊಡ್ಡ ತಲೆ ಮತ್ತು ಗಡ್ಡ. ಚಹಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಒಬ್ಬರು ಬಂದು ಅವನ ಬೆನ್ನು ಒತ್ತಿ ನೋಡಿ, ಟಗರು ಎಷ್ಟಕ್ಕೆ ಎಂದು ಭಾಯ್ ಅವರನ್ನು ಕೇಳಿದರು. "ಕೊಡೋದಲ್ಲ ಸಾರ್. ಮೇಷ್ಟ್ರು ಅವ್ರು," ಎಂದರು ಭಾಯ್. ಆ ಮನುಷ್ಯ ಚಹಾ ಅರ್ಧಕ್ಕೆ ಬಿಟ್ಟು ಹೋದ.

ಬೀದಿಗೆ ಬಂದಾಗ ಅಜ್ಜಿ ತಮ್ಮ ಜಗಲಿಯ ಮೇಲಿದ್ದರು. ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದರು.

"ನಾಯಿ ಬಿಟ್ಟು ಬಂದ್ರಾ? ಒಳ್ಳೇದಾಯ್ತು ಬಿಡು. ಕುರಿ ತಂದ್ರಲ್ಲ, ಅದು ಸಾಧು ಪ್ರಾಣಿ."

ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈ ಚಿವುಟಿದಳು. ಮರುದಿನದಿಂದ ಅಜ್ಜಿ ಅಗಸೆ ಸೊಪ್ಪಿನ ಕಟ್ಟು ತಂದು ನಮ್ಮ ಗೇಟಿನ ಮುಂದೆ ಇಡತೊಡಗಿದರು. ಮೇಷ್ಟ್ರು ಅದನ್ನು ಮೂಸಿ, ಯೋಚಿಸಿ, ಅವರ ಮನಸ್ಸು ನೋಯದಿರಲೆಂದು ಎರಡು ಎಲೆ ತಿನ್ನುತ್ತಿದ್ದ. ಪೇಪರಿನವನು ಬಂದಾಗ ಮಾತ್ರ ತಡೆಯಲಾರದೆ ಬೊಗಳಿದ.

"ಏನೇ, ಕುರಿ ಬೊಗಳ್ತದಲ್ಲ?" ಎಂದರು ಅಜ್ಜಿ.

"ಹೈಬ್ರಿಡ್ಡು, ಅಜ್ಜಿ," ಎಂದಳು ಅಮ್ಮ, ಒಲೆಯ ಮುಂದಿನಿಂದಲೇ.

"ಹೂಂ, ಎಲ್ಲಾ ಹೈಬ್ರಿಡ್ ಆಗೋಯ್ತು. ಟೊಮೇಟೊ ತಿಂದ್ರೂ ರುಚಿ ಇಲ್ಲ." ಬೀದಿಯ ಉಳಿದವರಿಗೆ ಎಲ್ಲ ಗೊತ್ತಿತ್ತು. ಅಜ್ಜಿಯೇ ಒಪ್ಪಿದ ಮೇಲೆ ಅವರೂ ಕುರಿ ಎಂದೇ ಕರೆಯತೊಡಗಿದರು. ನಾಯಿ ಹೋಗಬೇಕೆಂದಿದ್ದರು, ನಾಯಿ ಹೋಗಿತ್ತು. ಯಾರಿಗೂ ಮಾತು ತಪ್ಪಿದಂತಾಗಲಿಲ್ಲ.

ಮೇಷ್ಟ್ರು ಉಳಿದರು, ನಿಜ. ಆದರೆ ಮುಂದಿನ ಮಂಗಳವಾರ ಅಮ್ಮ ಚೊಂಬು ಎತ್ತಿಕೊಳ್ಳಲಿಲ್ಲ. ಆಮೇಲಿನ ಮಂಗಳವಾರವೂ ಇಲ್ಲ. ಬೀದಿಯ ಉಳಿದ ಹೆಂಗಸರು ಆಗಲೇ ಹುತ್ತದ ಕಡೆ ಹೋಗುವುದು ಬಿಟ್ಟಿದ್ದರು. ಹೆಗ್ಗಣಕ್ಕೆ ಯಾರು ಹಾಲು ಎರೆಯುತ್ತಾರೆ? ಹಾಲು ಮಿಕ್ಕು ಮನೆಯಲ್ಲಿ ಮೊಸರು ಹೆಚ್ಚಾಯಿತು. ಅಮ್ಮ ಮೇಷ್ಟ್ರ ಗಡ್ಡ ತೊಳೆಯುತ್ತ ಎಲ್ಲೋ ನೋಡುತ್ತಿರುತ್ತಿದ್ದಳು. ನಾನು ಎಸೆಸೆಲ್ಸಿ ಪರೀಕ್ಷಾ ಕೆಲಸಕ್ಕೆ ನೇಮಕವಾದ ಸುದ್ದಿ ಹೇಳಿದಾಗ ಒಳ್ಳೆಯದು ಎಂದಳು ಅಷ್ಟೆ. ನಾಗಪ್ಪನ ಹೆಸರು ಎತ್ತಲಿಲ್ಲ. ಆ ಹೆಸರಿಗೆ ಒಂದು ಜೀವಮಾನ ಮುಖ ಸಿಂಡರಿಸಿದವಳು ನಾನು. ಅದು ಬಾರದೆ ಹೋದಾಗ ಹೆದರಿಕೆಯಾಯಿತು. ಅವಳ ಅತ್ಯಂತ ಕಷ್ಟದ ದಿನಗಳಲ್ಲಿ ಕೈ ಹಿಡಿದಿದ್ದ ಒಂದೇ ಆಸರೆಯನ್ನು ನಾನು ತಂದ ನಾಯಿ ಅಗೆದು ಹೊರಗೆಸೆದಿತ್ತು. ಪಾಠದಲ್ಲಿ ಹೇಳಿದ್ದು ಸರಿಯಿತ್ತು, ನನಗೆ ಬೇಕಾದದ್ದು ಅದಾಗಿರಲಿಲ್ಲ. ಅಮ್ಮ ಮೊದಲಿನಂತೆ ಚೊಂಬು ಹಿಡಿದು ಹೊರಡಬೇಕು, ನಾನು ಮೊದಲಿನಂತೆ ಗೊಣಗಬೇಕು.

ಮೂರನೆಯ ಮಂಗಳವಾರ ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಹಾಲು ಚೊಂಬಿಗೆ ಸುರಿದು, ಒಂದು ಮೊಟ್ಟೆ, ಎರಡು ಬಾಳೆಹಣ್ಣು ತಟ್ಟೆಯಲ್ಲಿಟ್ಟು, ಮೇಷ್ಟ್ರ ಹಗ್ಗ ಕೈಗೆ ಸುತ್ತಿಕೊಂಡು ಅಮ್ಮನ ಮುಂದೆ ನಿಂತೆ.

"ನಡಿಯಮ್ಮ."

ಅಮ್ಮ ಚೊಂಬನ್ನೂ ನನ್ನನ್ನೂ ನೋಡಿದಳು. "ನೀನ್ಯಾಕೆ ಬರ್ತೀಯ? ನಿಂಗೆ ಇದೆಲ್ಲ ಆಗಲ್ಲ."

"ನಿಂಗೆ ಆಗತ್ತಲ್ಲ. ಅಲ್ಲಿ ಹೆಗ್ಗಣ ಇದ್ರೆ ಏನಂತೆ. ನಾಗಪ್ಪ ಬೇರೆ ಕಡೆ ಇರಬಹುದು. ಹಾವು ಒಂದೇ ಹುತ್ತದಲ್ಲಿ ಇರಲ್ಲ." ಪಾಠ ಹೇಳುವ ಬಾಯಲ್ಲಿ ಇಂಥ ಮಾತು ಬರುತ್ತಿರುವುದಕ್ಕೆ ನನಗೇ ನಾಚಿಕೆಯಾಗುತ್ತಿತ್ತು. ಆದರೂ ನಿಲ್ಲಿಸಲಿಲ್ಲ. "ಇಷ್ಟು ವರ್ಷ ಎರೆದದ್ದು ಸುಳ್ಳಾಯ್ತು ಅಂತ ನೀನು ಕೊರಗಬೇಡಮ್ಮ."

ಅಮ್ಮ ನಕ್ಕದ್ದು ನೋಡಿ ನನಗೆ ಗಾಬರಿಯಾಯಿತು.

"ಅಯ್ಯೋ ಪೆದ್ದಿ. ಅಲ್ಲಿ ಹೆಗ್ಗಣ ಇರೋದು ನಂಗೆ ಯಾವತ್ತೋ ಗೊತ್ತು ಕಣೇ. ನೀನು ಹೊಟ್ಟೇಲಿರೋವಾಗ್ಲೇ ನೋಡಿದ್ದೆ. ಎರೆದು ಈ ಕಡೆ ತಿರುಗೋದ್ರೊಳಗೆ ಬಂದು ಚಪ್ಪರಿಸ್ತಿತ್ತು. ಹಾಲು ಕುಡಿದಿದ್ದು ಹೆಗ್ಗಣ. ನಾನು ಕೇಳಿದ್ದನ್ನ ಕೇಳಿಸ್ಕೊಂಡಿದ್ದು ಬೇರೆಯೋರು."

ನಾನು ಚೊಂಬನ್ನು ಕೆಳಗಿಟ್ಟೆ.

"ಮತ್ಯಾಕೆ ಹೋಗೋದು ಬಿಟ್ಟೆ?"

"ನಿನಗೋಸ್ಕರ," ಎಂದಳು. "ನಾಗಪ್ಪ ಕೊಟ್ಟೋಳು ಅಂತ ಹೇಳಿ ಬೆಳೆಸಿದ್ದೆ. ನೀನು ಬೈಕೊಂಡ್ರೂ ಅದು ನಿನ್ನ ಒಳಗಿತ್ತು. ಅವತ್ತು ಹೆಗ್ಗಣ ಆಚೆ ಬಂದಾಗ ನಿನ್ನ ಮುಖ ನೋಡ್ದೆ. ಸಪ್ಪಗಾಗೋಗಿತ್ತು. ಇನ್ನು ನಾನು ಚೊಂಬು ಹಿಡ್ಕೊಂಡು ನಿನ್ನ ಕಣ್ಮುಂದೆ ಓಡಾಡಿದ್ರೆ ನಿಂಗೆ ಬೇಜಾರಾಗ್ತದೆ ಅಂತ ಸುಮ್ನಾದೆ."

ನಾನು ಅವಳ ಭುಜದ ಮೇಲೆ ಹಣೆ ಊರಿ ಅತ್ತೆ. ನಮ್ಮಿಬ್ಬರ ನಡುವೆ ಮೇಷ್ಟ್ರು ಗಡ್ಡ ತೂರಿಸಿ, ಚೊಂಬಿನ ಹಾಲನ್ನು ಮೂಸಿ ನೋಡುವಷ್ಟರಲ್ಲಿ ಅಮ್ಮ ಅದನ್ನು ಎತ್ತಿಕೊಂಡಳು.

ಹುತ್ತದ ಒಡೆದ ಬದಿಗೆ ಗೆದ್ದಲು ಆಗಲೇ ಹೊಸ ಮಣ್ಣು ಮೆತ್ತಲು ಹಿಡಿದಿದ್ದವು. ಅಮ್ಮ ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಹೆಡೆಯನ್ನು ಹುತ್ತದ ಬಾಯೊಳಕ್ಕೆ ಹಾಕಿದಳು. ಅದು ಜಾರಿ ಹೋದ ಸದ್ದನ್ನು ನಾನು ಮೊದಲ ಸಲ ಕಿವಿಯಾರೆ ಕೇಳಿದೆ. ಹೆಚ್ಚೇನಿಲ್ಲ, ಒಂದು ಸಣ್ಣ ಠಕ್. ಅವಳು ಹಾಲು ಎರೆದಳು, ಕಣ್ಣು ಮುಚ್ಚಿ ಕೈಮುಗಿದಳು. ನಾನು ಹಗ್ಗವನ್ನು ಎರಡು ಸುತ್ತು ಬಿಗಿ ಹಿಡಿದು ನಿಂತಿದ್ದೆ. ಸೀಮೆಕುರಿಯ ಮೈ, ಮೇಷ್ಟ್ರ ಗಡ್ಡದ ಆ ಪ್ರಾಣಿ ಮೂಗು ಮುಂದೆ ಚಾಚಿ, ನೆಲದ ಮೇಲೆ ಹರಿದು ಬಂದ ಹಾಲನ್ನು ನೆಕ್ಕತೊಡಗಿತು. ಒಳಗೆ ಎಲ್ಲೋ ಏನೋ ಸರಸರ ಎಂದಿತು. ಅಮ್ಮ ಒಂದು ಕಣ್ಣು ತೆರೆದಳು.

"ಮೇಷ್ಟ್ರೇ, ಸಾಕು. ಒಳಗಿರೋರ್ಗೂ ಸ್ವಲ್ಪ ಬಿಡಿ."